ಉಳ್ಳಾಗಡ್ಡಿಯ ಅಂಚೆ

ಪರರ ಕಾಗದವನ್ನು ಓದಬಾರದೆಂಬುದು ನಮ್ಮ ಹಿರಿಯರು ಬಾಯಿಮಾತಿನಲ್ಲಿ ಕಲಿಸಿದ ನೀತಿ. ಓದದೆ ಇರುವುದು ಎಷ್ಟು ಕಷ್ಟವೆಂಬುದನ್ನು ಅವರು ನಡತೆಯಿಂದ ಕಲಿಸಿದರು. ಕಾರ್ಡು ಬರೆಯುತ್ತಿದ್ದ ಕಾಲದಲ್ಲಿ ಯಾರ ಮಗಳಿಗೆ ಎಷ್ಟನೆಯ ತಿಂಗಳು, ಯಾರ ಮಗ ಪರೀಕ್ಷೆಯಲ್ಲಿ ನಪಾಸಾದ ಎಂಬ ವಾರ್ತೆ ಮನೆಯವರಿಗಿಂತ ಮೊದಲು ಅಂಚೆಯವನಿಗೂ, ಅವನು ನೀರು ಕುಡಿಯಲು ಕುಳಿತ ಕಟ್ಟೆಯವರಿಗೂ ತಿಳಿದಿರುತ್ತಿತ್ತು. ಗುಟ್ಟಿದ್ದವರು ಲಕೋಟೆ ಬಳಸುತ್ತಿದ್ದರು. ಆದರೆ ಲಕೋಟೆ ಮುಚ್ಚುವುದು ಒಳಗಿನ ಮಾತನ್ನು ಮಾತ್ರ. ಯಾರಿಗೆ ಎಂಬುದು ಅದರ ಮೈಮೇಲೆಯೇ ಇರುತ್ತದೆ. ವಕೀಲರ ಹೆಸರಿಗೊಂದು, ಆಸ್ಪತ್ರೆಯ ವಿಳಾಸಕ್ಕೊಂದು, ಹೀಗೆ ಎರಡು ಲಕೋಟೆ ಹೋದರೆ ಸಾಕು. ಒಳಗೇನಿತ್ತೆಂಬುದನ್ನು ಓಣಿಯೇ ಬರೆದುಕೊಳ್ಳುತ್ತದೆ.

ಇಂದಿನ ಇಂಟರ್ನೆಟ್ಟಿನ ನಡೆಯೂ ಹೀಗೆಯೇ. ಪರದೆಯ ನೆತ್ತಿಯಲ್ಲಿ ಒಂದು ಬೀಗದ ಚಿತ್ರವನ್ನು ನೀವು ಕಂಡಿರಬಹುದು, ಅದೇ ಲಕೋಟೆ. ನಾವು ಬರೆದದ್ದನ್ನು ದಾರಿಯವರು ಓದಲಾರರು, ನಿಜ. ಆದರೆ ಯಾವ ಮನೆಯಿಂದ ಯಾವ ತಾಣಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂಬ ಲೆಕ್ಕ ದಾರಿಯುದ್ದಕ್ಕೂ ಬಿದ್ದಿರುತ್ತದೆ. ಹೋಗಿ ಸೇರಿದ ತಾಣವಾದರೂ ಸುಮ್ಮನಿರುವುದೇ? ಬಂದವರ ಗುರುತಿಟ್ಟುಕೊಂಡು ನೆರೆಯ ಅಂಗಡಿಗೆ ಕಣ್ಣು ಮಿಟುಕಿಸುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಮಾನ್ವಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ತಿಳಿದದ್ದು. ತಂಗಿಯ ಮಗಳಿಗೆ ಚಿಕ್ಕಂದಿನಲ್ಲಿ ಎರಡು ಸಲ ಮೂರ್ಛೆ ಬಂದಿತ್ತು, ಆಮೇಲೆ ಬಂದಿಲ್ಲ. ಮದುವೆಯ ಮಾತು ಎದ್ದಾಗ, ಅದು ಮತ್ತೆ ಬರಬಹುದೇ, ಮಕ್ಕಳಿಗೂ ಬರಬಹುದೇ ಎಂಬ ಪ್ರಶ್ನೆಗಳನ್ನು ಹುಡುಗಿ ತಾಯಿಗೂ ಹೇಳದೆ ಮನೆಯ ಕಂಪ್ಯೂಟರಿನಲ್ಲಿ ಕೇಳಿಕೊಂಡಳು. ಕನ್ಯೆ ನೋಡಲು ಬಂದವರ ಜೊತೆಗಿದ್ದ ಹುಡುಗನೊಬ್ಬ ಕ್ರಿಕೆಟ್ ಸ್ಕೋರು ನೋಡುತ್ತೇನೆಂದು ಅದರ ಮುಂದೆಯೇ ಕುಳಿತ. ಸ್ಕೋರಿನ ಮೇಲೂ ಕೆಳಗೂ ಮೂರ್ಛೆರೋಗದ ಔಷಧಿ, ಮೂರ್ಛೆರೋಗದ ಆಸ್ಪತ್ರೆ. ಉಪ್ಪಿಟ್ಟು ಶಿರಾ ತಿಂದು ಹೋದವರು ಮತ್ತೆ ಫೋನು ಮಾಡಲಿಲ್ಲ. ಕಾರಣವನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹುಡುಗಿ ನನಗೆ ಹೇಳಿದ್ದು ಒಂದೇ ಮಾತು: “ನಾ ಯಾರ ಮುಂದನೂ ಬಾಯಿ ಬಿಟ್ಟಿಲ್ಲ, ಮಾಮಾ. ಮಷೀನಿಗೆ ಅಷ್ಟ ಕೇಳೀನಿ.”

ಅವಳ ಅಣ್ಣ ಮಾನ್ವಿಯ ಮನೆಯಲ್ಲೇ ಕುಳಿತು ದೂರದ ಕಂಪನಿಗೆ ಕಂಪ್ಯೂಟರ್ ಕೆಲಸ ಮಾಡುವವನು. ಅಂದೇ ಅವನು ತಂಗಿಗೆ ಟಾರ್ ಎಂಬ ಬ್ರೌಸರನ್ನು ಹಾಕಿಕೊಟ್ಟ. ಟಾರ್ ಎಂದರೆ ‘ದಿ ಆನಿಯನ್ ರೌಟಿಂಗ್’ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಂತೆ. ಆನಿಯನ್ ಎಂದರೆ ಈರುಳ್ಳಿಯಲ್ಲವೇ? ನಮ್ಮ ರಾಯಚೂರಿನ ಕಡೆ ಅದು ಉಳ್ಳಾಗಡ್ಡಿ. ನನ್ನ ಮನೆಯಾಕೆಯ ಬಾಯಲ್ಲಿ ಅದು ಅಂದಿನಿಂದ ‘ಉಳ್ಳಾಗಡ್ಡಿಯ ಅಂಚೆ’ಯಾಗಿ ನಿಂತಿತು. ಇದಕ್ಕಿಂತ ಒಳ್ಳೆಯ ಅನುವಾದವನ್ನು ಯಾವ ಪಂಡಿತರೂ ಮಾಡಲಾರರು.

ಅದರ ಮರ್ಮ ಇಷ್ಟೆ. ಒಬ್ಬರು ಗುಟ್ಟಾಗಿ ಒಂದು ಪತ್ರ ಕಳುಹಿಸಬೇಕು ಎನ್ನಿ. ಅದನ್ನು ಮೂರು ಲಕೋಟೆಗಳಲ್ಲಿ ಒಂದರೊಳಗೊಂದು ಹಾಕುತ್ತಾರೆ. ಹೊರಗಿನದರ ಮೇಲೆ ರಾಯಚೂರು, ನಡುವಿನದರ ಮೇಲೆ ದೇವದುರ್ಗ, ಒಳಗಿನದರ ಮೇಲೆ ಮಾನ್ವಿ. ರಾಯಚೂರಿನವನು ತನ್ನ ಸಿಪ್ಪೆಯನ್ನು ಸುಲಿದು ದೇವದುರ್ಗಕ್ಕೆ ಸಾಗಿಸುತ್ತಾನೆ. ದೇವದುರ್ಗದವನು ತನ್ನದನ್ನು ಸುಲಿದು ಮಾನ್ವಿಗೆ. ಮಾನ್ವಿಯವನು ಕಡೆಯ ಸಿಪ್ಪೆ ಸುಲಿದು ಮುಟ್ಟಬೇಕಾದಲ್ಲಿಗೆ ಮುಟ್ಟಿಸುತ್ತಾನೆ. ರಾಯಚೂರಿನವನಿಗೆ ಕೊಟ್ಟವರು ಗೊತ್ತು, ಕಡೆಗೆ ಪಡೆಯುವವರು ಗೊತ್ತಿಲ್ಲ. ಮಾನ್ವಿಯವನಿಗೆ ಪಡೆಯುವವರು ಗೊತ್ತು, ಮೊದಲು ಕೊಟ್ಟವರು ಗೊತ್ತಿಲ್ಲ. ದೇವದುರ್ಗದವನಿಗೆ ಇಬ್ಬರೂ ಗೊತ್ತಿಲ್ಲ. ನಿಜವಾದ ಜಾಲದಲ್ಲಿ ನಮ್ಮ ಮೂರು ಊರುಗಳ ಬದಲು ಮೂರು ದೇಶಗಳಿರುವುದೇ ಹೆಚ್ಚು, ಅಷ್ಟೇ ವ್ಯತ್ಯಾಸ. ಹೀಗೆ ಹೊತ್ತು ಸಾಗಿಸುವ ಯಂತ್ರಕ್ಕೆ ರಿಲೇ ಎಂದು ಹೆಸರು. ಜಗತ್ತಿನಲ್ಲಿ ಅಂಥವು ಹಲವು ಸಾವಿರ ಇವೆ. ಎಲ್ಲವೂ ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ನಡೆಸುವಂಥವು.

ಸ್ವಾರಸ್ಯವೆಂದರೆ ಇದು ಹುಟ್ಟಿದ್ದು 1990ರ ದಶಕದ ನಡುವಿನಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ಸರ್ಕಾರದ ಗುಟ್ಟಿನ ಕೆಲಸಕ್ಕೆ ಬೇಕಾಗಿದ್ದ ಮುಸುಕು ಅದು. ಆದರೆ ಸಂತೆಯಲ್ಲಿ ಒಬ್ಬನೇ ಮುಸುಕು ಹಾಕಿಕೊಂಡು ನಡೆದರೆ ಮುಸುಕೇ ಅವನ ಗುರುತಾಗುತ್ತದೆ. ನೂರು ಜನ ಹಾಕಿಕೊಂಡಾಗ ಮಾತ್ರ ಅದು ಮುಸುಕು. ಆದುದರಿಂದ 2002ರಲ್ಲಿ ಅದನ್ನು ಎಲ್ಲರಿಗೂ ತೆರೆದರು. 2006ರಿಂದ ಲಾಭವಿಲ್ಲದ ಒಂದು ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಬೇಹುಗಾರನ ಮರೆಗೆ ಮಾನ್ವಿಯ ಹುಡುಗಿ ಬೇಕು, ಮಾನ್ವಿಯ ಹುಡುಗಿಯ ಮರೆಗೆ ಬೇಹುಗಾರನೂ ಬೇಕು. ಎಂಥ ವಿಚಿತ್ರ ನೆಂಟಸ್ತಿಕೆ!

“ಮಾಮಾ, ನಿಮ್ಮ ಮನ್ಯಾಗ ಹಳೇ ಕಂಪ್ಯೂಟರ್ ಸುಮ್ನ ಕುಂತದ. ಒಂದು ರಿಲೇ ಹಾಕ್ರಿ” ಎಂದ ಅಳಿಯ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿ ನಿವೃತ್ತನಾದವನು ನಾನು. ನನಗಿಂತ ಯೋಗ್ಯರು ಈ ಕೆಲಸಕ್ಕೆ ಸಿಕ್ಕಾರೆಯೇ? ಒಪ್ಪಿಕೊಂಡೆ.

ರಿಲೇ ನಡೆಸುವವನು ಮೊದಲು ಒಂದು ಚಿಕ್ಕ ಕಡತ ಬರೆಯಬೇಕು. ಅದರ ಮೊದಲ ಪ್ರಶ್ನೆ: ಹೆಸರೇನು? ಸ್ವಂತ ಹೆಸರಲ್ಲ, ಇಟ್ಟುಕೊಂಡ ಹೆಸರು. ಹತ್ತೊಂಬತ್ತು ಅಕ್ಷರ ಮೀರಬಾರದು, ನಡುವೆ ಜಾಗ ಬಿಡಬಾರದು. ನಮ್ಮ ನೆಲಕ್ಕೆ ಇದೇನು ಹೊಸದೇ? ಮಾನ್ವಿ ಸೀಮೆಯ ಚೀಕಲಪರವಿಯ ದಾಸಪ್ಪನವರು ವಿಜಯವಿಠಲನಾಗಿ ಹಾಡಿದರು. ದೇವದುರ್ಗದ ಕಡೆಯ ಮೊಸರಕಲ್ಲಿನ ಭಾಗಣ್ಣನವರು ಗೋಪಾಲವಿಠಲನಾದರು. ಮಾನ್ವಿಯಲ್ಲಿ ನೆಲಸಿದ ಜಗನ್ನಾಥದಾಸರು ಜಗನ್ನಾಥವಿಠಲನೆಂದು ಅಂಕಿತ ಹಾಕಿದರು. ತನ್ನ ಹೆಸರನ್ನು ಹಿಂದಿಟ್ಟು ಅಂಕಿತವನ್ನು ಮುಂದಿಟ್ಟ ನಾಡು ಇದು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಗೆ ಶಾಸನಗಳಲ್ಲಿ ಎಡೆದೊರೆಯೆಂದು ಹೆಸರು. ಎರಡು ದಡಗಳ ನಡುವೆ ನಿಂತು ಕೈ ಬದಲಿಸುವ ಯಂತ್ರಕ್ಕೆ ಇದಕ್ಕಿಂತ ಅಂಕಿತ ಬೇಕೆ? ಇಂಗ್ಲಿಷ್ ಅಕ್ಷರಗಳಲ್ಲಿ ಎಡೆದೊರೆ ಎಂದೇ ಬರೆದೆ.

ಎರಡನೆಯ ಪ್ರಶ್ನೆ ಹೆಚ್ಚಿನ ತೂಕದ್ದು: ಕಡೆಯ ಕೊಂಡಿಯಾಗುವಿರಾ, ನಡುವಿನ ಕೊಂಡಿಯಾಗುವಿರಾ? ಕಡೆಯ ಕೊಂಡಿಯ ವಿಳಾಸ ಪಡೆಯುವವರ ಕಣ್ಣಿಗೆ ಬೀಳುತ್ತದೆ. ಯಾರೋ ಮಾಡಿದ ಪುಂಡಾಟಕ್ಕೆ ದೂರು ಬರುವುದು ಅವನ ಬಾಗಿಲಿಗೆ. ಮನೆಯಿಂದ ಅದನ್ನು ನಡೆಸಬೇಡಿರೆಂದು ಟಾರಿನವರೇ ಬುದ್ಧಿ ಹೇಳುತ್ತಾರೆ. ಅದಕ್ಕೆ ‘ಇಲ್ಲ’ ಎಂದು ಬರೆದು, 9001ನೆಯ ಪೋರ್ಟಿನಲ್ಲಿ, ಅಂದರೆ ಯಂತ್ರದ ಸಾವಿರಾರು ಕದಗಳಲ್ಲಿ ಆ ಸಂಖ್ಯೆಯ ಒಂದು ಕದದಲ್ಲಿ, ಕೂರುತ್ತೇನೆಂದು ತಿಳಿಸಿ ಗುಂಡಿ ಒತ್ತಿದೆ.

ಮೊದಲ ತೊಡಕು ಗಡಿಯಾರದ್ದು. ಕಂಪ್ಯೂಟರ್ ಹರಾಜಿನಲ್ಲಿ ಬಂದದ್ದು. ಅದರ ಹೊಟ್ಟೆಯಲ್ಲಿ ಕಾಸಿನಗಲದ ಒಂದು ಸೆಲ್ಲು ಇರುತ್ತದೆ. ವಿದ್ಯುತ್ತು ಹೋದಾಗ ಹೊತ್ತನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಅದು ಸತ್ತಿತ್ತು. ಜಾಲದಿಂದ ಹೊತ್ತು ಕೇಳಿ ತಿದ್ದಿಕೊಳ್ಳುವ ಏರ್ಪಾಡನ್ನೂ ಹಿಂದಿನವರು ಯಾರೋ ನಿಲ್ಲಿಸಿದ್ದರು. ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ಯಂತ್ರ ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಯೌವನವನ್ನು ಪಡೆಯುತ್ತಿತ್ತು. ಟಾರ್ ಇದನ್ನು ಸಹಿಸದು. ಎಲ್ಲ ರಿಲೇಗಳ ಪಟ್ಟಿಯನ್ನು ನಂಬುಗೆಯ ಒಂಬತ್ತು ಯಂತ್ರಗಳು ಕೂಡಿ, ಮತ ಹಾಕಿ, ಗಂಟೆಗೊಮ್ಮೆ ಹೊರಡಿಸುತ್ತವೆ. ಪ್ರತಿಯೊಂದು ಪಟ್ಟಿಯ ಆಯುಸ್ಸು ಮೂರು ಗಂಟೆ. ಹೊತ್ತು ತಪ್ಪಿದವನಿಗೆ ಆ ಪಟ್ಟಿ ಇನ್ನೂ ಹುಟ್ಟಿಯೇ ಇಲ್ಲ! ಬಜಾರಿನ ಗಡಿಯಾರದ ಅಂಗಡಿಯಲ್ಲಿ ಹೊಸ ಸೆಲ್ಲು ತಂದು ಹಾಕಿದೆ. ಜಾಲದ ಹೊತ್ತಿಗೂ ಗಂಟು ಹಾಕಿದೆ. ಯಂತ್ರ ಈ ಶಕಕ್ಕೆ ಬಂತು.

ಎರಡನೆಯ ತೊಡಕಿಗೂ ಕರೆಂಟೇ ಕಾರಣ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕಗಳಿಂದ 1720 ಮೆಗಾವಾಟ್ ತೆಗೆಯುವ ಸ್ಥಾವರ ಅದು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ರಾಯಚೂರಿನವರು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಮನೆಯ ರೂಟರು ಹೊರಗಿನಿಂದ 9001ಕ್ಕೆ ಬಂದವರನ್ನು ಈ ಕಂಪ್ಯೂಟರಿನ ಕಡೆಗೆ ಕಳುಹಿಸಬೇಕೆಂದು ಅಳಿಯ ಬರೆದಿಟ್ಟಿದ್ದ. ಆದರೆ ಒಂದೊಂದು ಸಲ ಕರೆಂಟು ಬಂದಾಗಲೂ ರೂಟರು ಮನೆಯ ಯಂತ್ರಗಳಿಗೆಲ್ಲ ಹೊಸದಾಗಿ ಸಂಖ್ಯೆ ಹಂಚುತ್ತದೆ, ಶಾಲೆಯ ಮೊದಲ ದಿನ ಮಕ್ಕಳನ್ನು ಬೆಂಚಿಗೆ ಕೂರಿಸುವಂತೆ. ನಿನ್ನೆ ಕಂಪ್ಯೂಟರಿಗಿದ್ದ ಸಂಖ್ಯೆ ಇಂದು ಮನೆಯಾಕೆಯ ಫೋನಿಗೆ. ದೇಶಾಂತರದ ಪತ್ರಗಳೆಲ್ಲ ಅವಳ ಫೋನಿನ ಬಾಗಿಲಿಗೆ! ಕಂಪ್ಯೂಟರಿಗೆ ಒಂದೇ ಸಂಖ್ಯೆಯನ್ನು ಶಾಶ್ವತವಾಗಿ ಮೀಸಲಿಟ್ಟಾಗ ಅದೂ ಬಗೆಹರಿಯಿತು.

ಆದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಟಾರ್ ತನ್ನ ದಿನಚರಿಯಲ್ಲಿ ಅದೇ ದೂರು ಬರೆಯುತ್ತಿತ್ತು: ಹೊರಗಿನಿಂದ ನನ್ನನ್ನು ಯಾರೂ ಮುಟ್ಟಲಾಗುತ್ತಿಲ್ಲ. ಹೊರಗಿನಿಂದ ನೋಡಲು ಹೊರಗಿನವರೇ ಬೇಕಲ್ಲ? ದೇವದುರ್ಗದಲ್ಲಿ ನನ್ನ ಹಳೆಯ ಮಿತ್ರರೊಬ್ಬರಿದ್ದಾರೆ, ನಿವೃತ್ತ ಮಾಸ್ತರರು. ಕಂಪ್ಯೂಟರಿನಲ್ಲಿ ಪಂಚಾಂಗ ನೋಡುವಷ್ಟು ಪ್ರವೀಣರು. ಅಳಿಯ ಮಾನ್ವಿಯಿಂದ ಅವರಿಗೆ ಫೋನಿನಲ್ಲೇ ಹೇಳಿಕೊಟ್ಟು, ನನ್ನ ಮನೆಯ 9001ನೆಯ ಕದವನ್ನು ತಟ್ಟಿಸಿದ, ತಾನೂ ತಟ್ಟಿದ. ಈ ತಟ್ಟುವಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಕದ ಮುಚ್ಚಿದ್ದರೆ ‘ಇಲ್ಲ, ಹೋಗು’ ಎಂಬ ಉತ್ತರ ಕೂಡಲೇ ಬರುತ್ತದೆ. ಇಲ್ಲವೆನ್ನುವವನು ಮನೆಯಲ್ಲಿದ್ದಾನೆಂದು ಅರ್ಥ. ಮಾಸ್ತರರಿಗೆ ಬಂದದ್ದು ಬರಿಯ ಮೌನ. “ಸಾಹೇಬ್ರ, ಯಾರೂ ಓಗೊಡವಲ್ರು. ನಾ ನಿಮ್ಮ ಮನೀನ ತಟ್ಟಾಕ ಹತ್ತೀನಿ, ಇಲ್ಲಾ ಮತ್ಯಾರದರ?” ಎಂದರು.

ಆ ನಗೆಮಾತೇ ಬೀಗದ ಕೈಯಾಯಿತು. ರೂಟರಿನ ಒಳಗೆ ನೋಡಿದರೆ ಅದರ ಹೊರ ವಿಳಾಸ 100ರಿಂದ ಮೊದಲಾಗುತ್ತಿತ್ತು. ಹೊರಜಗತ್ತಿಗೆ ಕಾಣುತ್ತಿದ್ದ ನಮ್ಮ ವಿಳಾಸ ಬೇರೆಯೇ ಆಗಿತ್ತು. ಕತೆ ಇಷ್ಟು. ಇಂಟರ್ನೆಟ್ಟಿನ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವುಗಳ ಕೇಂದ್ರ ಕಣಜ 2011ರ ಫೆಬ್ರುವರಿಯಲ್ಲಿ ಬರಿದಾಯಿತು. ಮುಂದಿನ ವರ್ಷ, 100.64ರಿಂದ 100.127ರ ವರೆಗಿನ ಸಂಖ್ಯೆಗಳನ್ನು ಹಂಚಿಕೆಯ ಬಳಕೆಗೆಂದೇ ಬೇರೆ ಎತ್ತಿಟ್ಟರು. ಸಂಪರ್ಕ ಕೊಡುವವರು ಬಹಳ ಮನೆಗಳಿಗೆ ಈ ಒಳಸಂಖ್ಯೆಗಳನ್ನು ಕೊಟ್ಟು, ಎಲ್ಲರನ್ನೂ ಒಂದೇ ಅಗಸಿ ಬಾಗಿಲಿನಿಂದ ಹೊರಕ್ಕೆ ಬಿಡುತ್ತಾರೆ. ಒಳಗಿನವರು ಹೊರಗೆ ಹೋಗಿ ಬರಲು ಅಡ್ಡಿಯಿಲ್ಲ. ಅಗಸಿಯವನಿಗೆ ಮುಖ ನೆನಪಿರುತ್ತದೆ. ಆದರೆ ಹೊರಗಿನವನೊಬ್ಬ ಕರೆಯದೆ ಬಂದು ‘ಎಡೆದೊರೆಯ ಮನೆ ಯಾವುದು?’ ಎಂದರೆ ಅಗಸಿಯವನು ಯಾರ ಕಡೆ ಕೈ ತೋರಿಸಬೇಕು? ಸುಮ್ಮನಿರುತ್ತಾನೆ. ಮೂರು ವಾರದಿಂದ ನಾನು ನನ್ನ ಮನೆಯ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದೆ, ಮುಚ್ಚಿದ್ದದ್ದು ಊರಬಾಗಿಲು.

ಸಂಪರ್ಕದವರ ಕಚೇರಿಗೆ ಹೋಗಿ, ನಮ್ಮ ಮನೆಗೇ ಆದ ಒಂದು ಸ್ಥಿರ ವಿಳಾಸ ಬೇಕೆಂದೆ. “ಕ್ಯಾಮೆರಾಕ್ಕೇನ್ರಿ?” ಎಂದು ಕೇಳಿದ ಅಲ್ಲಿನ ತರುಣ. “ಅಂಚೆ ಪೆಟ್ಟಿಗೆಗೆ” ಎಂದೆ. ಅವನು ನಕ್ಕು, ತಿಂಗಳಿಗೆ ಇಷ್ಟು ಹೆಚ್ಚಾಗುತ್ತದೆಂದು ರಸೀದಿ ಹರಿದ.

ಅದು ಕೈಗೆ ಬರುವಷ್ಟರಲ್ಲಿ ದೇವದುರ್ಗದಿಂದ ಫೋನು. ಮಾಸ್ತರರಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. “ಸಾಹೇಬ್ರ, ಒಂದು ಮಾತು. ಕಳ್ಳರು ಬರದ ಕಾಗದಾನೂ ನಾವ ಹೊತ್ತಂಗ ಆತಿಲ್ರಿ?”

ಸುಳ್ಳಲ್ಲ. ಮುಸುಕು ಎಲ್ಲರಿಗೂ ಎಂದ ಮೇಲೆ ದುಷ್ಟರಿಗೂ ಉಂಟು. ಅಂಥವರು ಇದನ್ನು ಬಳಸಿ ಕೆಟ್ಟ ವ್ಯಾಪಾರ ನಡೆಸಿದ್ದೂ ಉಂಟು. ರಾಯಚೂರಿನ ಸ್ಟೇಷನ್ನಿನಲ್ಲಿ ನಿಲ್ಲುವ ರೈಲೂ ಕಳ್ಳರನ್ನು ಹೊರುತ್ತದೆ ಎಂದು ನಾನು ಹೇಳಬಹುದಿತ್ತು. ಆದರೆ ರೈಲಿನಲ್ಲಿ ಟಿಕೆಟ್ ನೋಡುವವರಾದರೂ ಇರುತ್ತಾರೆಂದು ಮಾಸ್ತರರು ತಿರುಗಿ ಕೇಳುವವರೇ. ಆದುದರಿಂದ ಇನ್ನೊಂದು ಮಗ್ಗುಲನ್ನು ಹೇಳಿದೆ. 2021ರ ಡಿಸೆಂಬರಿನಲ್ಲಿ ರಷ್ಯಾ ಈ ಜಾಲಕ್ಕೆ ಅಡ್ಡಗೋಡೆ ಹಾಕಿತು. 2022ರಲ್ಲಿ ಇರಾನಿನ ಹೆಣ್ಣುಮಕ್ಕಳು ಬೀದಿಗಿಳಿದು ಅಲ್ಲಿನ ಸರ್ಕಾರ ಇಂಟರ್ನೆಟ್ಟನ್ನು ಬಿಗಿದಾಗ, ಸಾವಿರಾರು ಜನ ಇದರ ಕಿರುದಾರಿಗಳಿಂದಲೇ ಹೊರಜಗತ್ತಿಗೆ ಮಾತು ಮುಟ್ಟಿಸಿದರು. ನಮ್ಮ ದೇಶದಲ್ಲಿಯೂ ಖಾಸಗಿತನವೆಂಬುದು ಹಕ್ಕೋ ಅಲ್ಲವೋ ಎಂದು ಕೇಳಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಅದು ಮೂಲಭೂತ ಹಕ್ಕೆಂದು ಹೇಳಿತು. ಅವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನ ಮೇಲೆ ಉಳಿದಿದೆ.

ಮಾಸ್ತರರು “ಹೂಂ” ಎಂದರು, ಒಪ್ಪಲಿಲ್ಲ. ಎರಡು ದಿನ ಬಿಟ್ಟು ಅವರೇ ಮತ್ತೆ ಫೋನು ಮಾಡಿ ಒಂದು ಸಂಗತಿ ಹೇಳಿದರು. 1948ರಲ್ಲಿ, ನಮ್ಮ ಭಾಗ ಇನ್ನೂ ನಿಜಾಮರ ಕೈಯಲ್ಲಿದ್ದಾಗ, ಗಡಿಯಾಚೆ ಮುಂಡರಗಿ ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ಅಲ್ಲಿಗೆ ಹೋಗಬೇಕಾದ ಚೀಟಿಗಳನ್ನು ಊರಿಂದೂರಿಗೆ ಒಬ್ಬರಿಂದೊಬ್ಬರು ಸಾಗಿಸುತ್ತಿದ್ದರಂತೆ. ಮಾಸ್ತರರ ತಂದೆ ಅವರಲ್ಲೊಬ್ಬರು. ರೊಟ್ಟಿಗಂಟಿನಲ್ಲಿ ಇಟ್ಟುಕೊಂಡು ಮುಂದಿನ ಊರಿನ ಒಂದು ಹೊಲದವರೆಗೆ ನಡೆಯುತ್ತಿದ್ದರು. “ನಮ್ಮಪ್ಪಗ ಓದಾಕ ಬರ್ತಿದ್ದಿಲ್ರಿ. ಅದಕ್ಕ ಅವನ ಕೈಯಾಗ ಕೊಡ್ತಿದ್ರು. ಎಲ್ಲಿಂದ ಬಂತು, ಎಲ್ಲಿಗಿ ಹೊಂಟೈತಿ, ಅವನಿಗಿ ಗೊತ್ತಿದ್ದಿಲ್ಲ. ಹಿಡದು ಬಡದ್ರೂ ಹೇಳಾಕ ಏನೂ ಇದ್ದಿಲ್ಲ.” ಸ್ವಲ್ಪ ಸುಮ್ಮನಿದ್ದು ಸೇರಿಸಿದರು: “ಅವತ್ತಿನ ಸರ್ಕಾರದ ಕಣ್ಣಾಗ ಅದೂ ಕಳ್ಳರ ಕಾಗದಾನ, ಸಾಹೇಬ್ರ. ಎಲ್ಲಿ, ನಿಮ್ಮ ಕದದ ನಂಬರು ಹೇಳ್ರಿ, ಇನ್ನೊಮ್ಮಿ ತಟ್ಟತೀನಿ.”

ಆ ಸಲ ಕದ ತೆರೆಯಿತು. ಅರ್ಧ ತಾಸಿನೊಳಗೆ ದಿನಚರಿಯಲ್ಲಿ ಹೊಸ ಸಾಲು: ನಿಮ್ಮ ಪೋರ್ಟು ಹೊರಗಿನಿಂದ ಮುಟ್ಟುತ್ತಿದೆ, ಅದರ ಮುಂದೆ ‘ಎಕ್ಸಲೆಂಟ್’ ಎಂದು ಒಂದೇ ಮಾತು. ಮೂವತ್ತು ವರ್ಷದ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ನನ್ನ ಗೌಪ್ಯ ವರದಿಯಲ್ಲಿ ಬರೆಯದಿದ್ದ ಮಾತನ್ನು ಒಂದು ಯಂತ್ರ ಬರೆಯಿತು. ಮನೆಯಾಕೆಯನ್ನು ಕರೆದು ತೋರಿಸಿದೆ.

ಹಾಗೆಂದು ಮರುದಿನವೇ ಮೂಟೆ ಮೂಟೆ ಪತ್ರ ಬಂದು ಬೀಳಲಿಲ್ಲ. ಹೊಸ ರಿಲೇ ಎಂದರೆ ಹೊಸ ಸೊಸೆ. ಮೊದಲ ದಿನಗಳಲ್ಲಿ ಅವಳ ಶಕ್ತಿಯನ್ನು ಅಳೆಯುತ್ತಾರೆ. ಎಂಟು ದಿನ ಕಳೆಯುವ ಮುನ್ನ ತಲೆಬಾಗಿಲ ಕಾವಲು ಕೊಡುವುದಿಲ್ಲ. ಪೂರ್ತಿ ನಂಬಿಕೆ ಕುದುರಲು ಎರಡು ತಿಂಗಳಾದರೂ ಬೇಕು. ಖರ್ಚೂ ಇಲ್ಲದಿಲ್ಲ. ರಿಲೇಗಳ ಪಟ್ಟಿ ಬಹಿರಂಗವಾದದ್ದರಿಂದ ನನ್ನ ಮನೆಯ ವಿಳಾಸ ಈಗ ಜಗಜ್ಜಾಹೀರು. ನನ್ನ ಪಾಲಿಗೆ ಇದರಿಂದ ಗುಟ್ಟು ಕಾಪಾಡಿದಂತೇನೂ ಆಗಿಲ್ಲ. ಟಾರಿನ ನೆರಳು ಬಿದ್ದ ವಿಳಾಸಗಳನ್ನು ದೂರವಿಡುವ ಒಂದೆರಡು ತಾಣಗಳು ನಮ್ಮ ಮನೆಯಿಂದ ತೆರೆಯುವುದನ್ನು ನಿಲ್ಲಿಸಿವೆ. ಅವಕ್ಕೆ ಫೋನಿನ ದಾರಿ ಹಿಡಿಯುತ್ತೇವೆ.

ಆರು ತಾಸಿಗೊಮ್ಮೆ ಯಂತ್ರ ಒಂದು ಸಾಲು ಬರೆಯುತ್ತದೆ: ಇಷ್ಟು ಹೊತ್ತಿನಿಂದ ಎದ್ದಿದ್ದೇನೆ, ಇಷ್ಟು ತೆಗೆದುಕೊಂಡೆ, ಇಷ್ಟು ಕೊಟ್ಟೆ. ತೆಗೆದುಕೊಂಡದ್ದೂ ಕೊಟ್ಟದ್ದೂ ಹೆಚ್ಚುಕಡಿಮೆ ಸಮ; ತನ್ನದೆಂದು ಉಳಿಸಿಕೊಂಡದ್ದು ಏನೂ ಇಲ್ಲ. ಏನು ಬಂತು, ಯಾರದು ಎಂಬ ಅಂಕಣವೇ ಆ ಲೆಕ್ಕದಲ್ಲಿಲ್ಲ. ಯಾರ ಮಗಳೋ ಎಲ್ಲಿಯೋ ಕುಳಿತು ಯಾರ ಮುಂದೂ ಆಡಲಾರದ ಮಾತನ್ನು ಮಷೀನಿಗೆ ಕೇಳುತ್ತಿರಬಹುದು. ಆ ಮಾತಿನ ಒಂದು ಸಿಪ್ಪೆ ನನ್ನ ಪಡಸಾಲೆಯಲ್ಲಿ ಸುಲಿದು ಬೀಳುತ್ತಿರಬಹುದು.

ಮೊನ್ನೆ ಮಧ್ಯಾಹ್ನ ಬಿಸಿಲು ನಲವತ್ತು ದಾಟಿದ ಹೊತ್ತಿಗೆ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಹಳೆಯದು. ಫ್ಯಾನನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಬಹಳ ಹೊತ್ತು ಎಳೆಯಲಾರದು. ಅದು ಕಿರುಗುಟ್ಟಲು ತೊಡಗಿದಾಗ ಯಂತ್ರವನ್ನು ಆರಿಸಲೆಂದು ನಾನು ಎದ್ದೆ. ಕರೆಂಟಿನ ಬಿಲ್ಲಿನ ವಿಷಯವಾಗಿ ಎರಡು ತಿಂಗಳು ನನ್ನೊಡನೆ ಜಗಳಾಡಿದ ಮನೆಯಾಕೆ ಚಾಪೆಯ ಮೇಲೆ ಮಲಗಿದ್ದವಳು ಕೈ ಅಡ್ಡ ಮಾಡಿದಳು.

“ಇರ್ಲಿ ಬಿಡ್ರಿ. ಯಾರದೋ ಏನೋ ನಡುದಾರ್ಯಾಗ ಇರ್ತದ” ಎಂದು, ಬೀಸಣಿಗೆ ಹುಡುಕಿಕೊಂಡು, ತಾನೇ ಎದ್ದು ಫ್ಯಾನಿನ ಗುಂಡಿ ಆರಿಸಿದಳು.